ಓಡೂರಿಗೆ ಯಾವ ಬಾಗಿಲಿನಿಂದ ಹೋಗಬೇಕು

ಓದುವವನ ನಾಲಗೆಯಲ್ಲೂ ಕೇಳುವವನ ಕಿವಿಯಲ್ಲೂ ಒಂದೇ ಗಳಿಗೆಯಲ್ಲಿ ನೆಲೆಸುವ ವಾಗ್ದೇವಿಗೆ ಮೊದಲ ನಮಸ್ಕಾರ. ಎಂಟು ವರ್ಷ ತಮ್ಮ ಮನೆಯಲ್ಲಿ ಅನ್ನವಿಕ್ಕಿ, ಕಾವ್ಯವನ್ನೂ ತರ್ಕವನ್ನೂ ಕಲಿಸಿದ ಗುರುಗಳ ಪಾದಗಳಿಗೆ ಎರಡನೆಯದು. ಮರಾಠಿ ನಾಡಿನ ಡೊಂಬಿವಲಿಯಲ್ಲಿರುವ ನಮ್ಮ ಕನ್ನಡ ವಾಚನಾಲಯದ ಕಿರಿದಾದ ಮೆಟ್ಟಿಲುಗಳನ್ನು ಹತ್ತಿ ಬಂದ ಓದುಗರಿಗೆ ಮೂರನೆಯದು. ಗುರುಗಳು ನನಗೆ ಗ್ರಂಥಗಳನ್ನು ಕಲಿಸಿದರು. ಗ್ರಂಥವನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡಬೇಕೆಂಬುದನ್ನು ಕಲಿಸಿದವರು ಓದುಗರು. ಅವರ ಋಣವನ್ನು ನೆನೆಯದೆ ನನ್ನ ವೃತ್ತಿಯ ಕಥೆಯನ್ನು ಆರಂಭಿಸಲಾರೆ.

ಈ ಕೆಲಸಕ್ಕೆ ಹೊಸದಾಗಿ ಬಂದಿರುವ ಕೆಲವರು, ನಿಮ್ಮ ಅನುಭವವನ್ನು ಬರೆದುಕೊಡಿ ಎಂದು ಕೇಳಿದ್ದಾರೆ. ಗ್ರಂಥಪಾಲಕನ ಬದುಕಿನಲ್ಲಿ ಏರುವ ಏಣಿಯೆಂದರೆ ಮೇಲಿನ ಕಪಾಟಿಗೆ ಹಾಕುವ ಏಣಿ ಮಾತ್ರ. ಆದುದರಿಂದ ಬಡ್ತಿಯ ಮಾತನ್ನು ಬಿಟ್ಟು, ನಾನು ಎಡವಿದ ಜಾಗಗಳನ್ನೇ ಹೇಳುತ್ತೇನೆ. ಅವುಗಳಲ್ಲಿ ಒಂದು, ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಒಬ್ಬ ಮನುಷ್ಯನ ಪ್ರಾಣದ ಹತ್ತಿರಕ್ಕೇ ಹೋಗಿತ್ತು.

ನಮ್ಮ ವಾಚನಾಲಯವೆಂದರೆ ಸ್ಟೇಷನ್ನಿನ ಪೂರ್ವಕ್ಕೆ, ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳು. ಪುಸ್ತಕಗಳ ಮೇಲೆ ಧೂಳಿಗಿಂತ ಹಿಟ್ಟೇ ಹೆಚ್ಚು ಕೂರುತ್ತಿತ್ತು. ವಾರದ ದಿನಗಳಲ್ಲಿ ಕಚೇರಿಗೆ ಹೋಗುವವರು, ಹೋಟೆಲಿನವರು ಬರುತ್ತಿದ್ದರು. ಭಾನುವಾರ ಭಿವಂಡಿಯ ಗೋದಾಮುಗಳಿಂದ ಮತ್ತು ಠಾಣೆ ನಗರದ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಂದ ಕಲಬುರಗಿ, ವಿಜಯಪುರದ ಕಡೆಯವರು ಬರುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನ ಕೇಳುತ್ತಿದ್ದ ಪುಸ್ತಕ ಒಂದೇ: ಓಡೂರಿನ ಕಥೆಗಳು.

ಅರಿಯದವರಿಗಾಗಿ ಹೇಳುತ್ತೇನೆ. ಓಡೂರು ಒಂದು ಕಲ್ಪಿತ ಊರು. ಅವಸರದಲ್ಲಿ ಅದನ್ನು ಕಟ್ಟಿದ ದೇವತೆಗಳು ನೆಲಕ್ಕೆ ಬಿಗಿಯುವುದನ್ನು ಮರೆತಿದ್ದರಿಂದ, ಅದು ಅಮಾವಾಸ್ಯೆಗೊಮ್ಮೆ ಎದ್ದು ಬೇರೆ ಕಡೆಗೆ ಓಡಿಹೋಗುತ್ತದೆ. ಅಲ್ಲಿ ರಾಕ್ಷಸರು ಗುಮಾಸ್ತರು, ಪಿಶಾಚಿಗಳು ಬಾಡಿಗೆದಾರರು, ಮಂತ್ರಗಳು ಅರ್ಧ ಮಾತ್ರ ಫಲಿಸುತ್ತವೆ. ಈ ಹಾಸ್ಯಮಾಲೆಯಲ್ಲಿ ಆಗ ಇಪ್ಪತ್ತೆರಡು ಪುಸ್ತಕಗಳಿದ್ದವು. ಪ್ರತಿಯೊಂದೂ ತನ್ನಷ್ಟಕ್ಕೆ ಒಂದು ಕಥೆ. ಆದರೆ ಊರು ಅದೇ, ಜನರೂ ಅವರೇ. ಹಾಗಾಗಿ ಬಂದವರ ಮೊದಲ ಪ್ರಶ್ನೆ, "ಯಾವುದರಿಂದ ಶುರು ಮಾಡಬೇಕು?"

ನನ್ನ ಉತ್ತರ ಸಿದ್ಧವಾಗಿತ್ತು. ಗ್ರಂಥವೆಂದ ಮೇಲೆ ಆದಿಯಿಂದ ಆರಂಭಿಸಬೇಕು. ಉಪಕ್ರಮವನ್ನು ಅರಿಯದವನಿಗೆ ಉಪಸಂಹಾರದ ಅಧಿಕಾರವಿಲ್ಲ. ಗುರುಗಳ ಬಳಿ ಕಲಿತ ಆ ನಿಯಮವನ್ನು ನಾನು ರಾಕ್ಷಸ ಗುಮಾಸ್ತರ ಕಥೆಗೂ ಅನ್ವಯಿಸಿದ್ದೆ. ಮೊದಲನೆಯ ಪುಸ್ತಕವನ್ನು ಓದಿ ಮರಳಿಸದವರಿಗೆ ಎರಡನೆಯದನ್ನು ಕೊಡತಕ್ಕದ್ದಲ್ಲ ಎಂದು ಹಲಗೆಯ ಮೇಲೆ ಬರೆದು ಕಪಾಟಿಗೆ ತೂಗುಹಾಕಿದ್ದೆ. ಆ ಮೊದಲನೆಯದೋ, ಲೇಖಕರ ಕೈ ಇನ್ನೂ ಪಳಗದ ಕಾಲದ್ದು. ನಾನೂರು ಪುಟ, ಅದರಲ್ಲಿ ನೂರು ಪುಟ ಊರು ಕಟ್ಟಿದ ದೇವತೆಗಳ ವಂಶಾವಳಿ. ಅದನ್ನು ಒಯ್ದ ಹತ್ತು ಜನರಲ್ಲಿ ಏಳೆಂಟು ಮಂದಿ ಎರಡನೆಯದಕ್ಕೆ ಬರುತ್ತಿರಲಿಲ್ಲ. ವಾಚನಾಲಯವನ್ನು ನಡೆಸುವ ಕನ್ನಡ ಸಂಘದ ಕಾರ್ಯದರ್ಶಿಗಳು ಒಮ್ಮೆ ಹಲಗೆಯ ಮುಂದೆ ನಿಂತು, "ಆಚಾರ್ಯರೇ, ಇದು ವಾಚನಾಲಯವೋ ಪರೀಕ್ಷಾ ಮಂಡಳಿಯೋ?" ಎಂದು ಕೇಳಿದ್ದರು. ಅವರು ಹಾಸ್ಯ ಮಾಡುತ್ತಿದ್ದಾರೆಂದು ತಿಳಿದು ನಾನು ನಕ್ಕು ಸುಮ್ಮನಾಗಿದ್ದೆ.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ನಾನೇ ಆ ಮಾಲೆಯಲ್ಲಿ ಮೊದಲನೆಯದನ್ನು ಬಿಟ್ಟು ಬೇರೆ ಯಾವುದನ್ನೂ ಓದಿರಲಿಲ್ಲ. ಹಾಸ್ಯಪುಸ್ತಕವೆಂಬ ತಾತ್ಸಾರ. ಓದದೆ ಇಪ್ಪತ್ತೊಂದು ಪುಸ್ತಕಗಳಿಗೆ ಕಾವಲು ಕೂತಿದ್ದೆ.

ಮಳೆ ಮುಗಿದ ಹೊಸತರಲ್ಲಿ, ಒಂದು ಬುಧವಾರ ಬೆಳಿಗ್ಗೆ, ನೀಲಮ್ಮ ಎಂಬ ಹೆಣ್ಣುಮಗಳು ಬಂದರು. ಅವರ ಗಂಡ ಶರಣಪ್ಪ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನು ನಡೆಸುತ್ತಿದ್ದ. ಮಷೀನಿಗೆ ಸಿಕ್ಕಿ ಬಲಗೈಯ ಬೆರಳುಗಳು ಜಜ್ಜಿಹೋಗಿ, ಎಂಟು ದಿನಗಳಿಂದ ಠಾಣೆಯ ಆಸ್ಪತ್ರೆಯಲ್ಲಿದ್ದ.

"ಗಾಯ ಕೆಟ್ಟದ್ರಿ ಸರ. ಮಣಿಕಟ್ಟಿನ ಮಟ ಕೈ ತಗೀಬೇಕಂತ ಹೇಳ್ಯಾರ. ಇವರು ಸಹಿ ಮಾಡವಲ್ರು. ಗ್ವಾಡಿ ಕಡಿ ಮಾರಿ ಮಾಡಿ ಮಲ್ಕೊಂಡಾರ. ಯಾರ ಕೂಡನೂ ಮಾತಿಲ್ಲ."

"ಇಲ್ಲಿಗೆ ಬಂದದ್ದು?"

"ನಿನ್ನೆ ಸಂಜೀಕ ಒಂದ್ ಮಾತು ಆಡ್ಯಾರ್ರಿ. ಆ ಊರು ಓಡಿಹೋಗೋ ಪುಸ್ತಕ ಅದಾವಲ್ಲ, ಕಾರ್ಖಾನೆಯಾಗ ಹುಡುಗ್ರು ಹೇಳಿ ಹೇಳಿ ನಗ್ತಾರ, ಅದ್ರಾಗಿಂದು ಒಂದು ತಗೊಂಬಾ ಅಂದ್ರು. ಎಂಟ್ ದಿನದಾಗ ಇದೊಂದ ಮಾತು. ನಂಗ ಓದಾಕ ಬರಂಗಿಲ್ರಿ. ಯಾವುದು ಚಲೋದೋ ನೀವ ನೋಡಿ ಕೊಡ್ರಿ."

ನಾನು ನೋಡಿ ಕೊಟ್ಟೆ. ಮೊದಲನೆಯದನ್ನು ಕೊಟ್ಟೆ.

ಶುಕ್ರವಾರ ಹನ್ನೊಂದರ ಸುಮಾರಿಗೆ ನೀಲಮ್ಮ ಮರಳಿ ಬಂದರು. ಪುಸ್ತಕದ ಬೆನ್ನು ಕಿತ್ತುಹೋಗಿತ್ತು. ಅದನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಅದರ ಹೊದಿಕೆಯನ್ನು ಒರೆಸುತ್ತ ನಿಂತರು.

"ಒಗದ್ರು ಸರ. ನಾಲ್ಕ್ ಹಾಳಿ ಓದಿ ಒಗದ್ರು. 'ಸಾಯೂದರಾಗ ಈ ದೇವತೆಗೋಳ ಮುತ್ಯಾ-ಮುತ್ತಜ್ಜನ ಹೆಸರು ಬಾಯಿಪಾಠ ಮಾಡ್ಬೇಕೇನು' ಅಂದ್ರು. ಅವಾಗಿಂದ ನನ್ನ ಕೂಡನೂ ಮಾತ್ ಬಿಟ್ಟಾರ." ಪುಸ್ತಕವನ್ನು ನನ್ನತ್ತ ಸರಿಸಿ, "ನಾಳೆ ಮುಂಜಾನೆ ಆಖರಿ ಅಂದಾರ ಡಾಕ್ಟರು. ನಂಜು ಮ್ಯಾಲ ಏರ್ಲತ್ತದಂತ. ಸಹಿ ಆಗಲಿಲ್ಲಂದ್ರ ಆಮ್ಯಾಲ ಕೈ ತಗದ್ರೂ ಉಳ್ಯಂಗಿಲ್ಲಂತ" ಎಂದರು.

ಆ ಹೊತ್ತಿಗೆ ಕಿಟಕಿಯ ಬಳಿ ಒಬ್ಬರು ಕುಳಿತಿದ್ದರು. ಕಲ್ಯಾಣದಲ್ಲಿ ಗಂಡನ ಜೊತೆ ಹೋಟೆಲು ನಡೆಸುತ್ತಿದ್ದ ವಾರಿಜಕ್ಕ. ಉಡುಪಿ ಕಡೆಯವರು. ಪ್ರತಿ ಶುಕ್ರವಾರ ಪುಸ್ತಕ ಬದಲಾಯಿಸಲು ಬರುತ್ತಿದ್ದರು. ನಾನು ಹಲಗೆ ಹಾಕುವ ಮೊದಲೇ ಮಾಲೆಯ ನಡುವಿನಿಂದ ನುಗ್ಗಿ ಇಪ್ಪತ್ತೆರಡನ್ನೂ ಮುಗಿಸಿದ್ದರಿಂದ, ಅವರ ಮೇಲೆ ನನ್ನ ನಿಯಮ ನಡೆಯುತ್ತಿರಲಿಲ್ಲ. ಅವರು ಎದ್ದು ಬಂದು ಮೇಜಿನ ಮೇಲಿದ್ದ ಪುಸ್ತಕವನ್ನು ನೋಡಿದರು.

"ಆಚಾರ್ರೇ, ಆಸ್ಪತ್ರೆಯಲ್ಲಿ ಮಲಗಿದವನಿಗೆ ಇದನ್ನಾ ಕೊಟ್ಟದ್ದು ನೀವು? ಗಟ್ಟಿ ಇದ್ದವರೇ ಇದು ಓದಿ ಮಲಗ್ತಾರೆ ಮಾರಾಯ್ರೆ!"

"ಆದಿಯಿಂದಲೇ ಅಲ್ಲವೇ ಆರಂಭಿಸಬೇಕಾದದ್ದು?"

"ಊರಿಗೆ ಬಂದವರನ್ನು ಮೊದಲು ಊಟಕ್ಕೆ ಕೂರಿಸ್ತೀರಾ, ಪಾಯ ತೋಡಿದ್ದು ತೋರಿಸ್ತೀರಾ?" ಅವರು ಕಪಾಟಿನತ್ತ ನಡೆದು, ಒಂಬತ್ತನೆಯ ಪುಸ್ತಕವನ್ನು ಎಳೆದು ನನ್ನ ಮುಂದೆ ಇಟ್ಟರು. "ಇದು ಕೊಡಿ. ಆದರೆ ನೀವು ಓದದೆ ಕೊಡಬೇಡಿ. ಅದೊಂದು ನನಗೆ ಮಾತು ಕೊಡಿ."

ನೀಲಮ್ಮ ನನ್ನನ್ನೇ ನೋಡುತ್ತಿದ್ದರು. "ಸರ, ನಾ ಒಯ್ದ್ರ ಮತ್ತ ಒಗೀತಾರ. ನೀವ ಬಂದು ಓದಿ ಹೇಳ್ರಿ."

ನಾನು ಅಂದು ಜೀವನದಲ್ಲಿ ಮೊದಲ ಬಾರಿಗೆ ಮಧ್ಯಾಹ್ನವೇ ವಾಚನಾಲಯಕ್ಕೆ ಬೀಗ ಹಾಕಿದೆ. ಭೇಟಿಯ ವೇಳೆ ನಾಲ್ಕರಿಂದ ಆರು. ನೀಲಮ್ಮನನ್ನು ಮುಂದೆ ಕಳುಹಿಸಿ, ಮನೆಗೆ ಹೋಗಿ ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಮೂರೂಕಾಲರ ಸ್ಲೋ ಲೋಕಲ್ ರೈಲು ಹಿಡಿದೆ. ಚೀಲದಲ್ಲಿ ಒಂಬತ್ತನೆಯದರ ಜೊತೆಗೆ ಎರಡನೆಯದನ್ನೂ ಇಟ್ಟುಕೊಂಡಿದ್ದೆ. ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಕೂರಲು ಜಾಗ ಸಿಕ್ಕಿತು. ಓದತೊಡಗಿದೆ. ಕಥೆ ಓಡೂರಿನ ಹೆಬ್ಬಾಗಿಲ ದ್ವಾರಪಾಲಕನದು, ಹೆಸರು ಬಾಗಿಲಪ್ಪ. ಕಲ್ಲಿನ ಮೈ, ನಾಲ್ಕು ಕೈ. ದಿವಾ ಸ್ಟೇಷನ್ ಬರುವ ಹೊತ್ತಿಗೆ, ವಾಗ್ದೇವಿ ಕ್ಷಮಿಸಲಿ, ನಾನು ತುಟಿ ಕಚ್ಚಿಕೊಂಡು ನಗುತ್ತಿದ್ದೆ. ಮುಂಬ್ರಾ ದಾಟುವಾಗ ನನ್ನ ನಗು ನಿಂತಿತು. ಊರು ಒಂದು ಬೆಟ್ಟದ ಸಂದಿಯಲ್ಲಿ ಓಡುವಾಗ ಬಾಗಿಲಪ್ಪ ಗಾಳಿ ಕುಡಿಯಲೆಂದು ಕೈ ಹೊರಗೆ ಚಾಚಿದ್ದ. ಗದೆ ಹಿಡಿದ ಬಲಗೈ ಬಂಡೆಗೆ ಬಡಿದು ಮುರಿದು ಬಿತ್ತು. ಮುಂದಿನ ಪುಟದಲ್ಲಿ ಊರಿನ ಕಚೇರಿ ಅವನಿಗೆ ನೋಟೀಸು ಕೊಟ್ಟಿತ್ತು. ನಾಲ್ಕು ಕೈಗಳಿಲ್ಲದವನು ದ್ವಾರಪಾಲಕನ ಹುದ್ದೆಗೆ ಅನರ್ಹ.

ಕಳವಾದ ಕಡಲ ಹಿನ್ನೀರಿನ ಸೇತುವೆಯ ಮೇಲೆ ಗಾಡಿ ಸದ್ದು ಮಾಡುತ್ತಿತ್ತು. ನಾಳೆ ಕೈ ಕಳೆದುಕೊಳ್ಳಬೇಕಾದವನ ಮುಂದೆ ಕೈ ಮುರಿದವನ ಹಾಸ್ಯವನ್ನು ಓದುವುದೇ? ಇದಕ್ಕಿಂತ ಕ್ರೌರ್ಯವುಂಟೇ? ಠಾಣೆಯಲ್ಲಿ ಇಳಿದವನು ನೇರವಾಗಿ ಪ್ಲಾಟ್‌ಫಾರ್ಮಿನ ಹಳದಿ ಫೋನ್ ಬೂತಿಗೆ ಹೋಗಿ, ಕಲ್ಯಾಣದ ಹೋಟೆಲಿಗೆ ಫೋನ್ ಮಾಡಿದೆ. ವಾರಿಜಕ್ಕನೇ ಎತ್ತಿದರು. ಹಿಂದೆ ತಟ್ಟೆಗಳ ಸದ್ದು.

"ವಾರಿಜಕ್ಕ, ಇದರಲ್ಲಿ ಏನಿದೆಯೆಂದು ನಿಮಗೆ ಗೊತ್ತಿತ್ತೇ?"

"ಗೊತ್ತಿದ್ದೇ ಕೊಟ್ಟದ್ದು. ಎಲ್ಲಿಯವರೆಗೆ ಬಂದಿರಿ?"

"ನೋಟೀಸಿನವರೆಗೆ. ಇದನ್ನು ಅವನ ಮುಂದೆ ಹೇಗೆ ಓದಲಿ? ಎರಡನೆಯದು ಚೀಲದಲ್ಲಿದೆ, ಅದನ್ನೇ..."

"ಎರಡನೆಯದರಲ್ಲಿ ಎಂಥದುಂಟು, ಮದುವೆ ದಿಬ್ಬಣ. ಅವನಿಗೆ ಯಾಕೆ ದಿಬ್ಬಣ?" ಯಾರಿಗೋ ತುಳುವಿನಲ್ಲಿ ಏನೋ ಗದರಿ, ಮತ್ತೆ ನನ್ನ ಕಡೆ ಬಂದರು. "ಆಚಾರ್ರೇ, ನೋಡಲಿಕ್ಕೆ ಹೋದವರೆಲ್ಲ ಅವನ ಹತ್ತಿರ ಏನು ಮಾತಾಡ್ತಾರೆ ಹೇಳಿ. ಹವೆ, ಟ್ರೈನು, ಊರಲ್ಲಿ ಮಳೆ. ಕೈ ಒಂದು ಬಿಟ್ಟು ಎಲ್ಲ. ಅವನ ತಲೆಯಲ್ಲಿ ಇರುವುದು ಕೈ ಒಂದೇ. ಅದರ ಬಗ್ಗೆ ಮಾತಾಡುವವರು ಒಬ್ಬರಾದರೂ ಬೇಡವಾ? ಮನುಷ್ಯರಿಗೆ ಆಗುವುದಿಲ್ಲ, ಬಾಗಿಲಪ್ಪ ಮಾತಾಡಲಿ."

"ತಪ್ಪಾದರೆ?"

"ತಪ್ಪಾದರೆ ನನ್ನ ಹೆಸರು ಹೇಳಿ. ನೀವು ಸರಿ ಅಂತ ಕೊಟ್ಟದ್ದು ಏನಾಯಿತು ನೋಡಿದಿರಲ್ಲ" ಎಂದು ಹೇಳಿ ಫೋನಿಟ್ಟರು.

ವಾರ್ಡಿಗೆ ಹೋದಾಗ ನಾಲ್ಕೂಕಾಲು. ಎರಡು ಸಾಲು ಮಂಚಗಳು. ಶರಣಪ್ಪ ಗೋಡೆಗೆ ಮುಖಮಾಡಿ ಮಲಗಿದ್ದ. ಬಟ್ಟೆ ಸುತ್ತಿದ ಕೈಯಿಂದ ಬರುತ್ತಿದ್ದ ವಾಸನೆ ನನಗೆ ಎಲ್ಲವನ್ನೂ ಹೇಳಿತು. ನೀಲಮ್ಮನ ಮಡಿಲಲ್ಲಿ ಮಡಿಸಿದ ಕಾಗದವೊಂದಿತ್ತು. ದಾದಿ ಹಾದುಹೋಗುತ್ತ, "ಸಹೀ ಝಾಲೀ ಕಾ?" ಎಂದು, ಸಹಿ ಆಯಿತೇ ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೆ ನಿಲ್ಲದೆ ಹೋದಳು.

"ವಾಚನಾಲಯದ ಆಚಾರ್ಯರು ಬಂದಾರ್ರಿ" ಎಂದರು ನೀಲಮ್ಮ. ಬೆನ್ನು ಅಲುಗಲಿಲ್ಲ.

ಸ್ಟೂಲಿನ ಮೇಲೆ ಕೂತೆ. ಕೈಮುಗಿದು, ಮನಸ್ಸಿನಲ್ಲಿ ಗುರುಗಳನ್ನು ನೆನೆದು, ಒಂಬತ್ತನೆಯದನ್ನು ತೆರೆದೆ. ನನಗೆ ಬರುತ್ತಿದ್ದದ್ದು ಒಂದೇ ರೀತಿಯ ವಾಚನ. ಚಾತುರ್ಮಾಸ್ಯದಲ್ಲಿ ಮಠದ ಜಗಲಿಯ ಮೇಲೆ ಮಾಡುತ್ತಿದ್ದದ್ದು. ಅದೇ ನಿಧಾನದಲ್ಲಿ, ಪದಪದವನ್ನೂ ಬಿಡಿಸಿ ಓದತೊಡಗಿದೆ. ಹೆಬ್ಬಾಗಿಲು ಬಂತು, ಬಾಗಿಲಪ್ಪ ಬಂದ, ಊರು ಓಡತೊಡಗಿತು. ಬೆಟ್ಟದ ಸಂದಿ ಹತ್ತಿರವಾಯಿತು. ಆ ವಾಕ್ಯವನ್ನು ಹಾರಿಸಿಬಿಡಬಹುದಿತ್ತು. ಹಾರಿಸಲಿಲ್ಲ. ಬಲಗೈ ಮುರಿದು ಬಿತ್ತು ಎಂದು ಓದಿದೆ.

ನೀಲಮ್ಮ ನನ್ನ ತೋಳು ಹಿಡಿದರು. "ಬ್ಯಾಡ್ರಿ ಸರ! ಇದ್ ಬ್ಯಾಡ. ಇದನ್ಯಾಕ ತಂದ್ರಿ?"

ನಾನು ನಿಲ್ಲಿಸಿದೆ. ಪಕ್ಕದ ಮಂಚದ ವೃದ್ಧರೊಬ್ಬರು ಭಾಷೆ ತಿಳಿಯದಿದ್ದರೂ ಏನೋ ಆಯಿತೆಂದು ತಲೆಯೆತ್ತಿದರು. ಪುಸ್ತಕ ಮುಚ್ಚಬೇಕು, ಎದ್ದು ಹೋಗಬೇಕು ಎಂದುಕೊಳ್ಳುವಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

"ಮುಂದ?"

ಓದಿದೆ. ನೋಟೀಸು ಬಂತು. ಬಾಗಿಲಪ್ಪ ಕಚೇರಿಯ ಮೇಲೆ ದಾವೆ ಹೂಡಲು ನಿಶ್ಚಯಿಸಿದ. ಆದರೆ ಉಳಿದ ಮೂರು ಕೈಗಳ ನಡುವೆ ಜಗಳ ಹತ್ತಿತು. ಬಿದ್ದ ಗದೆಯನ್ನು ಇನ್ನು ಯಾರು ಹಿಡಿಯಬೇಕು? ಶಂಖದ ಕೈ, ನನಗೆ ಕೆಲಸವಿದೆ ಎಂದಿತು. ಚಕ್ರದ ಕೈ, ನನಗೂ ಇದೆ ಎಂದಿತು. ಎರಡೂ ಸೇರಿ, ಬರಿದೇ ಅಂಗೈ ತೋರಿಸುತ್ತ ನಿಂತ ಅಭಯಹಸ್ತವನ್ನು, ಸೋಮಾರಿ ಎಂದು ಬೈದವು. ನಾನು ಗದೆ ಹಿಡಿದರೆ ಬಂದವರಿಗೆ ಹೆದರಬೇಡಿ ಎಂದು ಹೇಳುವವರು ಯಾರು ಎಂದು ಅಭಯಹಸ್ತ ಅತ್ತಿತು. ಈ ಪ್ರಸಂಗವನ್ನೂ ನಾನು ಅದೇ ಗಾಂಭೀರ್ಯದಿಂದ ಓದುತ್ತಿದ್ದೆ.

ಮಂಚ ಕಿರುಗುಟ್ಟಿತು. ಶರಣಪ್ಪ ಹೊರಳಿ ನನ್ನನ್ನು ದಿಟ್ಟಿಸುತ್ತಿದ್ದ. ಗಡ್ಡ ಬೆಳೆದ ಮುಖ, ಜ್ವರದ ಕಣ್ಣು.

"ಸತ್ತವರ ಮನ್ಯಾಗ ಪುರಾಣ ಹೇಳಿದಂಗ ಹೇಳ್ಲತ್ತೀರಲ್ರೀ! ಕೈ ಜಗಳಾಡ್ಲತ್ತಾವ್ರಿ ಅಲ್ಲಿ, ಜಗಳ! ಜಗಳ ಹಿಂಗ ಆಡ್ತಾರೇನು? ಕೊಡ್ರಿ ಇಲ್ಲಿ."

ಎಡಗೈ ಚಾಚಿ ಪುಸ್ತಕ ಕಸಿದುಕೊಂಡ. ಅದು ಎದೆಯ ಮೇಲೆ ಬಿತ್ತು. ಮೊಣಕಾಲು ಮಡಿಸಿ, ಅದಕ್ಕೆ ಪುಸ್ತಕವನ್ನು ಒರಗಿಸಿಕೊಂಡು, ಹೆಬ್ಬೆರಳಿನಿಂದ ಪುಟ ಹುಡುಕಿ ಓದಿದ. ಶಂಖದ ಕೈಗೆ ಒಂದು ದನಿ, ಚಕ್ರದ ಕೈಗೆ ಒಂದು ದನಿ, ಅಭಯಹಸ್ತಕ್ಕೆ ಕಲಬುರಗಿಯ ಮುದುಕಿಯ ದನಿ. ಮುದ್ರಿತ ಗ್ರಾಂಥಿಕ ಕನ್ನಡ ಅವನ ಬಾಯಲ್ಲಿ ಸಂತೆಯ ಜಗಳವಾಯಿತು. ಪಕ್ಕದ ವೃದ್ಧರು, "ಅರೇ, ಆಮ್ಹಾಲಾ ಪಣ್ ಸಾಂಗ್ ನಾ" ಎಂದು ತಮಗೂ ಹೇಳುವಂತೆ ಕೇಳಿದರು. ಶರಣಪ್ಪ ಮುರುಕು ಹಿಂದಿಯಲ್ಲಿ, "ಬಾಬಾ, ತೀನ್ ಹಾತ್ ಕಾ ಝಗಡಾ ಹೈ" ಎಂದು ಮೂರು ಕೈಗಳ ಜಗಳವನ್ನು ಹೇಳತೊಡಗಿದ. ಆಚೆಯ ನಾಲ್ಕೈದು ಮಂಚಗಳವರು ನಕ್ಕರು. ನೀಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ, ನನಗೆ ತಿಳಿಯಲಿಲ್ಲ.

ಇದ್ದಕ್ಕಿದ್ದಂತೆ ಅವನು ಓದು ನಿಲ್ಲಿಸಿದ. ಬಟ್ಟೆ ಸುತ್ತಿದ ಕೈಯನ್ನು ನೋಡಿದ.

"ಮೂರ್ ಕೈ ಇದ್ದಾಂವ ದಾವೆ ಹಾಕ್ಯಾನ್ರಿ. ಒಂದ ಉಳಿದಾಂವ ಏನ್ ಮಾಡ್ಬೇಕು?"

ನನ್ನ ಕಂಠದಲ್ಲಿ ನೂರಾರು ಶ್ಲೋಕಗಳಿದ್ದವು. ಯಾವುದರಲ್ಲೂ ಒಂದೇ ಕೈಯವನ ಮಾತಿರಲಿಲ್ಲ. ಭೇಟಿಯ ವೇಳೆ ಮುಗಿಯಿತೆಂದು ಗಂಟೆ ಬಾರಿಸಿತು. ಜನ ಎದ್ದರು. ನಾನು ಏಳಲಿಲ್ಲ.

"ಕಡಿಗೆ ಕೇಸ್ ಏನಾತ್ರಿ? ಗೆದ್ನೇನು?" ಎಂದ ಶರಣಪ್ಪ.

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ?"

"ನಾನು ಓದಿಲ್ಲಪ್ಪ. ಬರುವಾಗ ಗಾಡಿಯಲ್ಲಿ ನೋಟೀಸಿನವರೆಗೆ ಓದಿದ್ದೆ ಅಷ್ಟೆ. ಇದೊಂದೇ ಅಲ್ಲ, ಮೊದಲನೆಯದರ ಹೊರತು ಯಾವುದನ್ನೂ ಓದಿಲ್ಲ. ಓದದೆಯೇ ನಿನಗೆ ಅದನ್ನು ಕಳುಹಿಸಿದೆ. ತಪ್ಪಾಯಿತು."

ದಾದಿ, ಹೊತ್ತಾಯಿತೆಂದು ಬಾಗಿಲಿನಿಂದ ಕೂಗಿದಳು.

"ಇಷ್ಟ್ ದೊಡ್ಡ ಪಂಡಿತ್ರು, ಓದಿಲ್ಲಂದ್ರ ಹ್ಯಾಂಗ್ರಿ? ಹಂಗಾದ್ರ ನಾನ ಓದಿ ನಿಮಗ ಹೇಳ್ಬೇಕಾತು." ಶರಣಪ್ಪ ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿದ. ಆಮೇಲೆ, ಹೆಂಡತಿಯ ಕಡೆ ನೋಡದೆ, "ನೀಲಾ, ಆ ಕಾಗದ ಕೊಡು" ಎಂದ.

ಎಡಗೈಯಿಂದ ಸಹಿ ಮಾಡಲು ಅವನಿಗೆ ಬಹಳ ಸಮಯ ಹಿಡಿಯಿತು. ನೀಲಮ್ಮ ಕಾಗದ ಅಲುಗದಂತೆ ಹಿಡಿದಿದ್ದರು. ದಾದಿ ಕೂಡ ಕಾದಳು.

ಶನಿವಾರ ಕೈ ಹೋಯಿತು, ಜೀವ ಉಳಿಯಿತು. ಆ ಭಾನುವಾರ ನಾನು ಹಲಗೆಯನ್ನು ಇಳಿಸಿದೆ. ಮುಂದಿನ ಎರಡು ತಿಂಗಳಲ್ಲಿ ಇಪ್ಪತ್ತೆರಡನ್ನೂ ಓದಿದೆ. ವಾರಿಜಕ್ಕನಿಂದ ಒಂಬತ್ತನೆಯದರ ಅವರ ಸ್ವಂತ ಪ್ರತಿಯನ್ನು ತರಿಸಿಕೊಂಡು ಅದನ್ನು ಮೂರು ಬಾರಿ ಓದಿದೆ. ಅಂದಿನಿಂದ ಯಾರಾದರೂ ಯಾವುದರಿಂದ ಆರಂಭಿಸಲಿ ಎಂದು ಕೇಳಿದರೆ, ಮೊದಲು ಅವರನ್ನು ಕೂರಿಸಿ, ಎಲ್ಲಿಂದ ಬಂದಿರಿ, ಈ ದಿನಗಳು ಹೇಗಿವೆ ಎಂದು ವಿಚಾರಿಸುತ್ತಿದ್ದೆ. ಬಾಡಿಗೆ ಮನೆಯ ಜಗಳದಿಂದ ಬೇಸತ್ತವರಿಗೆ ಪಿಶಾಚಿ ಬಾಡಿಗೆದಾರನ ಐದನೆಯದು. ಹೊಸದಾಗಿ ಈ ಊರಿಗೆ ಬಂದು ದಿಕ್ಕು ತಪ್ಪಿದವರಿಗೆ, ಓಡೂರನ್ನು ಬೆನ್ನಟ್ಟುವ ಅಂಚೆಯವನ ಹನ್ನೊಂದನೆಯದು. ಮೊದಲನೆಯದನ್ನು ಕಡೆಗೆ ಕೊಡುತ್ತಿದ್ದೆ. ಊರನ್ನು ಪ್ರೀತಿಸಿದ ಮೇಲೆ ಅದರ ವಂಶಾವಳಿಯೂ ರುಚಿಸುತ್ತದೆ. ಹೊಸಬರೇ, ನನ್ನ ವೃತ್ತಿ ನನಗೆ ಕಲಿಸಿದ ವಿಧಾನ ಇದಿಷ್ಟೇ. ನೀವು ಓದದ ಪುಸ್ತಕಕ್ಕೆ ಕಾವಲು ಕೂರಬೇಡಿ. ಎದುರು ನಿಂತವರನ್ನು ಓದದೆ ಪುಸ್ತಕ ಕೊಡಬೇಡಿ.

ಚಳಿಗಾಲ ಮುಗಿಯುವಾಗ, ಒಂದು ಭಾನುವಾರ, ಶರಣಪ್ಪ ಮೆಟ್ಟಿಲು ಹತ್ತಿ ಬಂದ. ಕಾರ್ಖಾನೆಯವರು ಅವನನ್ನು ಗೇಟಿನ ಕೆಲಸಕ್ಕೆ ಹಾಕಿದ್ದರು. "ನಾನೂ ಬಾಗಿಲಪ್ಪನ ಆದೆ ನೋಡ್ರಿ" ಎಂದು ತಾನೇ ನಕ್ಕ. ಆ ನಗೆಯಲ್ಲಿ ಕಹಿಯೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. "ಇಲ್ಲದ ಕೈ ತುರಸ್ತದ್ರಿ ಒಮ್ಮೊಮ್ಮೆ" ಎಂದ. ಪುಸ್ತಕವನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತ.

"ಆಚಾರ್ರೆ, ಕೇಸ್ ಏನಾತಂತ ಹೇಳ್ಲೇನು? ಇಲ್ಲಾ ಈ ನಡುವ ನೀವ ಓದಿ ಮುಗಿಸೀರೇನು?"

ನಾನು ಸತ್ಯವನ್ನೇ ನುಡಿಯಬೇಕೆಂಬ ವ್ರತವನ್ನು ಬಾಲ್ಯದಿಂದ ಪಾಲಿಸಿದವನು.

"ಇಲ್ಲಪ್ಪ," ಎಂದೆ. "ಆಮೇಲೆ ಒಂದು ಪುಟವನ್ನೂ ನೋಡಿಲ್ಲ. ಹೇಳು."

ಅವನು ಒಂದು ಗಂಟೆ ಹೇಳಿದ. ನಾನು ಕೇಳಿದೆ.

ಮಲಗಿದ್ದಲ್ಲಿಂದ ಎದ್ದು ಬಂದ ಶರಣಪ್ಪನಿಗೆ ದೀರ್ಘಾಯುಷ್ಯವಾಗಲಿ. ಕಾಗದ ಅಲುಗದಂತೆ ಹಿಡಿದ ನೀಲಮ್ಮನ ಕೈಗಳಿಗೆ ಸದಾ ಬಲವಿರಲಿ. ನನ್ನನ್ನು ಗದರಿಸಿ ತಿದ್ದಿದ ವಾರಿಜಕ್ಕನ ಮನೆ ಬೆಳಗಲಿ. ಬೇರೆ ಭಾಷೆಯ ಕಥೆಗೆ ನಕ್ಕ ಆ ವಾರ್ಡಿನವರೂ, ಕಾದು ನಿಂತ ಆ ದಾದಿಯೂ, ಓಡೂರನ್ನು ಕಟ್ಟಿದ ಲೇಖಕರೂ ಎಲ್ಲಿದ್ದರೂ ಸುಖವಾಗಿರಲಿ. ಇನ್ನು ಮುಂದೆ ಆ ಊರಿಗೆ ಹೊರಡುವವರಿಗೆಲ್ಲ ತಮಗೆ ಒಪ್ಪುವ ಬಾಗಿಲು ತೆರೆದಿರಲಿ.